ಫಂಕ್ಷನ್ ಪಾಠ ‘ಹಲೋ’ದಿಂದ ಶುರುವಾಗಬಾರದು

ಮಾನ್ಯ ಸಂಪಾದಕರೇ,

ಪ್ರೋಗ್ರಾಮಿಂಗನ್ನು ಯಾವ ತರಗತಿಯಿಂದ ಕಲಿಸಬೇಕು, ಯಾವ ಭಾಷೆಯಲ್ಲಿ ಕಲಿಸಬೇಕು ಎಂಬ ಚರ್ಚೆಗೆ ಕೊನೆಯೇ ಇಲ್ಲ. ಕಲಿಯುವವರು ಎಡವುವ ಜಾಗ ಯಾವುದು ಎಂದು ಕೇಳುವವರು ಮಾತ್ರ ಕಡಿಮೆ. ವೇರಿಯಬಲ್, ಇಫ್, ಲೂಪ್ ತನಕ ತರಗತಿ ಹೇಗೋ ಒಟ್ಟಿಗೆ ಬರುತ್ತದೆ. ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಕೋಡಿನ ತುಣುಕನ್ನು, ಅಂದರೆ ಸ್ವಂತ ಫಂಕ್ಷನ್ನನ್ನು, ಬರೆಯುವ ಪಾಠ ಬಂದ ದಿನ ಅದು ಎರಡಾಗಿ ಒಡೆಯುತ್ತದೆ. ಒಂದು ಗುಂಪಿಗೆ ಅದು ಸಹಜವಾಗಿ ದಕ್ಕಿಬಿಡುತ್ತದೆ, ಇನ್ನೊಂದು ಗುಂಪು ಬೋರ್ಡಿನಲ್ಲಿದ್ದುದನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತದೆ. ಇದರಲ್ಲಿ ಕಲಿಯುವವರ ಬುದ್ಧಿಗಿಂತ ಪಠ್ಯದ ಮೊದಲ ಉದಾಹರಣೆಯ ಪಾಲೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಪೈಥಾನ್ ಭಾಷೆಯಲ್ಲಿ ಆ ಉದಾಹರಣೆ ಎಲ್ಲರೂ ನೋಡಿರುವಂಥದ್ದೇ:

ಡೆಫ್ ಹಲೋ():
    ಪ್ರಿಂಟ್("ಹಲೋ")

ಹಲೋ()

(ಪತ್ರಿಕೆಯಲ್ಲಿ ಓದಲು ಸುಲಭವಾಗಲೆಂದು ಕೋಡನ್ನೆಲ್ಲ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಫಂಕ್ಷನ್ ಇಲ್ಲಿಂದ ಶುರು ಎಂದು ಹೇಳುವ ಡೆಫ್, ಮತ್ತೆ ರಿಟರ್ನ್, ಪ್ರಿಂಟ್ ಮುಂತಾದವನ್ನು ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ನಾವು ಇಡುವ ಹೆಸರುಗಳನ್ನಾದರೆ ಪೈಥಾನ್ 3 ಕನ್ನಡದಲ್ಲೂ ಒಪ್ಪುತ್ತದೆ. ಒಂದೇ ಎಚ್ಚರ: ಅರ್ಧಾಕ್ಷರವಾದ ಮೇಲೆ ಒತ್ತು ಬೀಳದಿರಲೆಂದು ಟೈಪಿಸುವಾಗ ಹಾಕುವ ಕಣ್ಣಿಗೆ ಕಾಣದ ಅಕ್ಷರವೊಂದಿದೆ. ಅದು ಹೆಸರಿನೊಳಗೆ ಸೇರಿಕೊಂಡರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಎಷ್ಟು ದಿಟ್ಟಿಸಿದರೂ ತಪ್ಪು ಕಾಣುವುದಿಲ್ಲ.)

ಓಡಿಸಿದ ತಕ್ಷಣ ತೆರೆಯ ಮೇಲೆ ‘ಹಲೋ’ ಬರುತ್ತದೆ, ಎಲ್ಲರಿಗೂ ಖುಷಿಯಾಗುತ್ತದೆ. ಆದರೆ ತಲೆಯೊಳಗೆ ಕೂತದ್ದೇನು? ಫಂಕ್ಷನ್ ಅಂದರೆ ತೆರೆಯ ಮೇಲೆ ಏನನ್ನಾದರೂ ಬರೆಯುವುದು ಎಂಬುದು ಒಂದು. ಕಂಸದೊಳಗೆ ಏನೂ ಇರುವುದಿಲ್ಲ, ಅದು ಬರೀ ಶಾಸ್ತ್ರಕ್ಕೆ ಎಂಬುದು ಇನ್ನೊಂದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಒಂದು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ಮೂರು ಸಾಲು ಬರೆಯುವ ಸುತ್ತುದಾರಿಗೆ ಫಂಕ್ಷನ್ ಎಂದು ಹೆಸರು ಎಂಬ ಅನಿಸಿಕೆ. ಆಮೇಲೆ ಶಿಕ್ಷಕರು ಪ್ಯಾರಾಮೀಟರ್ ಎನ್ನುತ್ತಾರೆ, ರಿಟರ್ನ್ ಎನ್ನುತ್ತಾರೆ, ಅವೆರಡೂ ಹಳೆಯ ಬಟ್ಟೆಗೆ ಹಚ್ಚಿದ ತೇಪೆಯ ಹಾಗೆ ಕಾಣುತ್ತವೆ. ರಿಟರ್ನ್ ಯಾಕೆ ಬೇಕು, ಪ್ರಿಂಟ್ ಇದೆಯಲ್ಲ ಎಂದು ಕೇಳುವ ವಿದ್ಯಾರ್ಥಿಯ ತರ್ಕದಲ್ಲಿ ತಪ್ಪೇನೂ ಇಲ್ಲ. ಅವನಿಗೆ ತೋರಿಸಿದ ಉದಾಹರಣೆಯಲ್ಲಿ ರಿಟರ್ನ್ ನಿಜಕ್ಕೂ ಬೇಕಿರಲಿಲ್ಲ.

ಕಲಿಸಬೇಕಾದ ವ್ಯತ್ಯಾಸಕ್ಕೆ ಕನ್ನಡದಲ್ಲೇ ಒಳ್ಳೆಯ ಜೋಡಿ ಪದಗಳಿವೆ: ತೋರಿಸುವುದು, ಕೊಡುವುದು. ಪ್ರಿಂಟ್ ಮನುಷ್ಯರ ಕಣ್ಣಿಗೆ ತೋರಿಸುತ್ತದೆ. ರಿಟರ್ನ್ ಕರೆದ ಸಾಲಿನ ಕೈಗೆ ಕೊಡುತ್ತದೆ. ತೋರಿಸಿದ್ದನ್ನು ಕೂಡಲು ಕಳೆಯಲು ಬರುವುದಿಲ್ಲ, ಕೊಟ್ಟದ್ದನ್ನು ಏನು ಬೇಕಾದರೂ ಮಾಡಬಹುದು, ಬೇಕಿದ್ದರೆ ತೋರಿಸಲೂಬಹುದು.

ಹಾಗಾಗಿ ಡೆಫ್ ಎಂಬ ಪದವನ್ನು ಬೋರ್ಡಿನ ಮೇಲೆ ಬರೆಯುವ ಮುಂಚೆ ಒಂದು ಪೀರಿಯಡ್ಡನ್ನು ಪೂರ್ತಿ ಫಂಕ್ಷನ್ ಕರೆಯುವುದಕ್ಕೇ ಇಡಬೇಕು. ವಿದ್ಯಾರ್ಥಿಗಳು ಮೊದಲ ದಿನದಿಂದ ಪ್ರಿಂಟ್, ಇನ್‌ಪುಟ್, ರೌಂಡ್, ಮ್ಯಾಕ್ಸ್ ಇವನ್ನೆಲ್ಲ ಕರೆಯುತ್ತಲೇ ಬಂದಿದ್ದಾರೆ, ಅವು ಫಂಕ್ಷನ್ ಎಂದು ಯಾರೂ ಹೇಳಿರುವುದಿಲ್ಲ, ಅಷ್ಟೇ. ಹೀಗೆ ಬರೆಸಿ (ಕೊಟ್ಟವುಗಳಲ್ಲಿ ದೊಡ್ಡದನ್ನು ಮ್ಯಾಕ್ಸ್ ಕೊಡುತ್ತದೆ):

ಅ = ಮ್ಯಾಕ್ಸ್(12, 30)
ಬ = ಪ್ರಿಂಟ್(12)
ಪ್ರಿಂಟ್(ಅ)
ಪ್ರಿಂಟ್(ಬ)

ಓಡಿಸುವ ಮೊದಲು ಏನು ಬರುತ್ತದೆಂದು ಪ್ರತಿಯೊಬ್ಬರೂ ಹಾಳೆಯಲ್ಲಿ ಬರೆದಿಡಲಿ. ಬರುವುದು ಮೂರು ಸಾಲು: 12, 30, ಕೊನೆಗೆ ‘ನನ್’. ಮೊದಲ 12 ಎರಡನೇ ಸಾಲು ಓಡಿದಾಗಲೇ ತೆರೆಗೆ ಬಂದದ್ದು. ‘ನನ್’ ಅಂದರೆ ಪೈಥಾನ್ ಭಾಷೆಯಲ್ಲಿ ಏನೂ ಇಲ್ಲ ಎಂದರ್ಥ. ಪ್ರಿಂಟ್ ತೋರಿಸಿತು, ಕೈಗೆ ಏನನ್ನೂ ಕೊಡಲಿಲ್ಲ. ರಿಟರ್ನ್ ಎಂಬ ಪದವನ್ನೇ ಎತ್ತದೆ ಅದರ ತಿರುಳನ್ನು ಕಲಿಸುವುದು ಈ ನಾಲ್ಕು ಸಾಲಿಗೆ ಸಾಧ್ಯ. ಉದಾಹರಣೆಗೆ ಲೆನ್ ಬಳಸುವುದಾದರೆ ಸ್ವಲ್ಪ ಯೋಚಿಸಿ. ‘ಮಳೆ’ ಎಂಬ ಪದದ ಉದ್ದ ಕೇಳಿದರೆ 3 ಬರುತ್ತದೆ, ಏಕೆಂದರೆ ಎತ್ವದ ಗುರುತನ್ನು ಪೈಥಾನ್ ಬೇರೆಯಾಗಿ ಎಣಿಸುತ್ತದೆ. ಬಹಳ ಚೆಂದದ ವಿಷಯವೇ ಸರಿ, ಆದರೆ ಆವತ್ತಿನ ಪೀರಿಯಡ್ಡನ್ನು ಅದೇ ನುಂಗಿಬಿಡುತ್ತದೆ.

ಇಲ್ಲೊಂದು ಬಲೆ ಇದೆ. ಇದನ್ನು ಫೈಲಿನಲ್ಲಿ ಬರೆದು ಓಡಿಸಬೇಕು. ಮೂರು ಬಾಣದ ಗುರುತು ತೋರಿಸುವ, ಬರೆದ ಸಾಲನ್ನು ಆಗಲೇ ಓಡಿಸುವ ಶೆಲ್ಲಿನಲ್ಲಿ ಆಡಿದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ, ಏಕೆಂದರೆ ವಾಪಸ್ ಬಂದ ಬೆಲೆಯನ್ನೂ ಶೆಲ್ ತಾನಾಗಿ ತೆರೆಗೆ ಬರೆಯುತ್ತದೆ. ಸಂಖ್ಯೆಗಳಲ್ಲಂತೂ ಪ್ರಿಂಟ್ ಮಾಡಿದ್ದು ಯಾವುದು, ರಿಟರ್ನ್ ಆದದ್ದು ಯಾವುದು ಎಂದು ಹೇಳಲಿಕ್ಕೇ ಬರುವುದಿಲ್ಲ. ಪದಗಳಲ್ಲಿ ಮಾತ್ರ ಒಂದು ಸುಳಿವು ಸಿಗುತ್ತದೆ: ರಿಟರ್ನ್ ಆಗಿ ಬಂದದ್ದು ಉದ್ಧರಣ ಚಿಹ್ನೆಯ ಸಮೇತ ಕಾಣುತ್ತದೆ, ಪ್ರಿಂಟ್ ಆದದ್ದು ಚಿಹ್ನೆಯಿಲ್ಲದೆ. ಶೆಲ್ಲಿನಲ್ಲಿ ಸರಿಯಾಗಿ ಕಂಡ ಕೋಡು ಫೈಲಿಗೆ ಹೋದ ಮೇಲೆ ಏನನ್ನೂ ತೋರಿಸದೆ ಸುಮ್ಮನಿದ್ದರೆ ಕಾರಣ ಬಹುತೇಕ ಇದೇ.

ಎರಡನೇ ಪೀರಿಯಡ್ಡಿನಲ್ಲಿ ಡೆಫ್ ಬರಲಿ, ಆದರೆ ವ್ಯಾಖ್ಯೆಯ ಮೂಲಕ ಬೇಡ. ಫಂಕ್ಷನ್ ಇಲ್ಲದೆಯೇ ಒಂದು ಲೆಕ್ಕ ಮಾಡಿಸಿ. ರೈಲು 9 ಗಂಟೆ 40 ನಿಮಿಷಕ್ಕೆ ಹೊರಟು 13 ಗಂಟೆ 15 ನಿಮಿಷಕ್ಕೆ ತಲುಪಿತು, ಪ್ರಯಾಣ ಎಷ್ಟು ನಿಮಿಷ?

ಹೊರಟದ್ದು = 9 * 60 + 40
ತಲುಪಿದ್ದು = 13 * 60 + 15
ಪ್ರಿಂಟ್(ತಲುಪಿದ್ದು - ಹೊರಟದ್ದು)

580, 795, ಉತ್ತರ 215. ಈಗ ಮೊದಲೆರಡು ಸಾಲುಗಳ ಬಲಭಾಗವನ್ನು ಒಂದರ ಕೆಳಗೊಂದು ಬರೆದು, ಎರಡರಲ್ಲೂ ಬೇರೆ ಬೇರೆ ಇರುವುದಕ್ಕೆ ಸುತ್ತು ಹಾಕಲು ಹೇಳಿ. 9 ಮತ್ತು 13 ಸುತ್ತಿನೊಳಗೆ ಬರುತ್ತವೆ, 40 ಮತ್ತು 15 ಬರುತ್ತವೆ. 60 ಹೊರಗೇ ಉಳಿಯುತ್ತದೆ, ಗುಣಾಕಾರದ ಚಿಹ್ನೆಯೂ ಕೂಡುವ ಚಿಹ್ನೆಯೂ ಹೊರಗೇ ಉಳಿಯುತ್ತವೆ. ಸುತ್ತು ಬಿದ್ದ ಜಾಗಕ್ಕೊಂದು ಹೆಸರು ಕೊಟ್ಟರೆ ಅದೇ ಪ್ಯಾರಾಮೀಟರ್. ಹೊರಗುಳಿದದ್ದೆಲ್ಲ ಫಂಕ್ಷನ್ನಿನ ಒಡಲು.

ಡೆಫ್ ಒಟ್ಟು_ನಿಮಿಷ(ಗಂಟೆ, ನಿಮಿಷ):
    ರಿಟರ್ನ್ ಗಂಟೆ * 60 + ನಿಮಿಷ

ಎಷ್ಟು ಪ್ಯಾರಾಮೀಟರ್ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರ ಇಲ್ಲ: ಎಷ್ಟು ಸುತ್ತು ಬಿತ್ತೋ ಅಷ್ಟು. 60ಕ್ಕೂ ಸುತ್ತು ಹಾಕುವವರು ಇರುತ್ತಾರೆ. ಗಂಟೆಗೆ ಅರವತ್ತು ನಿಮಿಷ ಎಂಬುದು ಯಾವ ರೈಲಿಗೆ ಬದಲಾಗುತ್ತದೆ ಎಂದು ಕೇಳಿದರೆ ತಾವೇ ಅಳಿಸುತ್ತಾರೆ.

ಮೊದಲ ಫಂಕ್ಷನ್ ಹೀಗೆ ಒಂದೇ ಸಾಲಿನ ಸೂತ್ರವಾಗಿರಲಿ ಎನ್ನುವುದು ನನ್ನ ಹೊಸ ಶೋಧವೇನಲ್ಲ. ಹಳೆಯ ಪ್ರೋಗ್ರಾಮಿಂಗ್ ಭಾಷೆಯಾದ 1957ರ ಮೊದಲ ಫೋರ್ಟ್ರಾನ್‌ನಲ್ಲಿ ಪ್ರೋಗ್ರಾಮರ್ ತಾನೇ ಬರೆದುಕೊಳ್ಳಬಹುದಾಗಿದ್ದ ಫಂಕ್ಷನ್ ಅಂದರೆ ಒಂದು ಸಾಲಿನ ಸೂತ್ರ ಮಾತ್ರ. ಹಲವು ಸಾಲಿನ ಫಂಕ್ಷನ್ನೂ ಸಬ್‌ರುಟೀನೂ 1958ರ ಎರಡನೇ ಆವೃತ್ತಿಯಲ್ಲಿ ಬಂದವು. ಚರಿತ್ರೆಯ ಕ್ರಮವನ್ನೇ ಪಾಠದಲ್ಲೂ ಅನುಸರಿಸಬೇಕೆಂದೇನಿಲ್ಲ, ಆದರೆ ಈ ವಿಷಯದಲ್ಲಿ ಅದು ಒಳ್ಳೆಯ ಕ್ರಮ.

ಈಗ ರಿಟರ್ನ್ ಇದ್ದ ಜಾಗದಲ್ಲಿ ಬೇಕೆಂದೇ ಪ್ರಿಂಟ್ ಹಾಕಿಸಿ, ಕೊನೆಯ ಸಾಲನ್ನು ಹೀಗೆ ಓಡಿಸಿ:

ಪ್ರಿಂಟ್(ಒಟ್ಟು_ನಿಮಿಷ(13, 15) - ಒಟ್ಟು_ನಿಮಿಷ(9, 40))

ತೆರೆಯ ಮೇಲೆ 795 ಬರುತ್ತದೆ, 580 ಬರುತ್ತದೆ, ಆಮೇಲೆ ಟೈಪ್ ಎರರ್. ಎರಡು ‘ನನ್’ಗಳ ನಡುವೆ ಕಳೆಯುವ ಚಿಹ್ನೆ ನಡೆಯುವುದಿಲ್ಲ ಎಂದು ಯಂತ್ರವೇ ಹೇಳುತ್ತದೆ. ಎರಡು ಸಂಖ್ಯೆಗಳೂ ಕಣ್ಣೆದುರಿಗೇ ಇವೆ, ಆದರೂ ಕಳೆಯಲಾಗುತ್ತಿಲ್ಲ! ತೋರಿಸುವುದಕ್ಕೂ ಕೊಡುವುದಕ್ಕೂ ಇರುವ ಅಂತರವನ್ನು ಇಷ್ಟು ಹತ್ತಿರದಿಂದ ಕಾಣಿಸುವ ದೋಷ ಇನ್ನೊಂದಿಲ್ಲ. ಇದನ್ನು ಶಿಕ್ಷಕರು ತಾವಾಗಿ ಮುಂದಿಡಬೇಕು, ಅಕಸ್ಮಾತ್ ಬರಲಿ ಎಂದು ಕಾಯಬಾರದು.

ಮೂರನೇ ಪೀರಿಯಡ್ಡಿಗೆ ಕಂಪ್ಯೂಟರ್ ಬೇಡ, ಕೈಯಗಲದ ಕಾಗದದ ಚೀಟಿಗಳು ಬೇಕು. ಮುಖ್ಯ ಪ್ರೋಗ್ರಾಮಿಗೆ ಒಂದು ದೊಡ್ಡ ಹಾಳೆ. ಫಂಕ್ಷನ್ನನ್ನು ಕರೆದಾಗಲೆಲ್ಲ ಒಂದು ಹೊಸ ಚೀಟಿ. ಚೀಟಿಯ ಮೇಲ್ಗಡೆ ಫಂಕ್ಷನ್ನಿನ ಹೆಸರು, ಅದರ ಕೆಳಗೆ ಪ್ಯಾರಾಮೀಟರುಗಳು, ಅವುಗಳ ಎದುರಿಗೆ ಈ ಸಲ ಬಂದ ಬೆಲೆಗಳು. ಈ ಫಂಕ್ಷನ್ ತೆಗೆದುಕೊಳ್ಳಿ:

ಡೆಫ್ ಅವಧಿ(ಗಂ1, ನಿ1, ಗಂ2, ನಿ2):
    ರಿಟರ್ನ್ ಒಟ್ಟು_ನಿಮಿಷ(ಗಂ2, ನಿ2) - ಒಟ್ಟು_ನಿಮಿಷ(ಗಂ1, ನಿ1)

ಅವಧಿ(9, 40, 13, 15) ಎಂದು ಕರೆದಾಗ ಹಾಳೆಯ ಮೇಲೆ ಒಂದು ಚೀಟಿ ಕೂರುತ್ತದೆ. ಅದರ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ, ಏಕೆಂದರೆ ಒಟ್ಟು_ನಿಮಿಷ(13, 15) ಎಷ್ಟೆಂದು ಮೊದಲು ಗೊತ್ತಾಗಬೇಕು. ಅದಕ್ಕೆ ಎರಡನೇ ಚೀಟಿ, ಮೊದಲನೆಯದರ ಮೇಲೆ. 795 ಸಿಕ್ಕಿತು. ಮೇಲಿನ ಚೀಟಿಯನ್ನು ಹರಿದು ಬಿಸಾಡಿ, ಕೆಳಗಿನ ಚೀಟಿಯಲ್ಲಿ ಕರೆ ಇದ್ದ ಜಾಗವನ್ನು ಹೊಡೆದುಹಾಕಿ 795 ಎಂದು ಬರೆಯಬೇಕು. ಇನ್ನೊಂದು ಕರೆಗೆ ಇನ್ನೊಂದು ಹೊಸ ಚೀಟಿ, ಹಳೆಯದನ್ನು ಎತ್ತಿಕೊಳ್ಳುವಂತಿಲ್ಲ. 580. ಅದನ್ನೂ ಹರಿಯಿರಿ. ಉಳಿದದ್ದು 795 - 580, ಅದರ 215 ದೊಡ್ಡ ಹಾಳೆಗೆ ಇಳಿಯುತ್ತದೆ.

ಚೀಟಿ ಹರಿಯುವುದು ಆಟದಂತೆ ಕಂಡರೂ ನಾಲ್ಕು ಪಾಠಗಳನ್ನು ಒಂದೇ ಸಲ ಮುಗಿಸುತ್ತದೆ. ಫಂಕ್ಷನ್ನಿನ ಒಳಗಿನ ಹೆಸರುಗಳು ಕೆಲಸ ಮುಗಿದ ಮೇಲೆ ಯಾಕೆ ಇರುವುದಿಲ್ಲ? ಚೀಟಿ ಹರಿದಿದೆ. ಹೊರಗೂ ‘ಗಂಟೆ’ ಎಂಬ ಹೆಸರಿದ್ದರೆ ಎರಡೂ ಗಲಿಬಿಲಿ ಆಗುವುದಿಲ್ಲವೇ? ಅದು ಬೇರೆ ಹಾಳೆಯಲ್ಲಿದೆ. ಎರಡನೇ ಸಲ ಕರೆದಾಗ ಹಿಂದಿನ ಬೆಲೆ ನೆನಪಿರುತ್ತದೆಯೇ? ಹೊಸ ಚೀಟಿ. ವಾಪಸ್ ಎಲ್ಲಿಗೆ ಬರಬೇಕು? ಕೆಳಗಿನ ಚೀಟಿಯಲ್ಲಿ ನಿಂತಿದ್ದ ಜಾಗಕ್ಕೆ. ಈ ಕೊನೆಯ ಪ್ರಶ್ನೆಯಲ್ಲಿ ಒದ್ದಾಡುವವರಿಗೆ ಸಮಾಧಾನ ಹೇಳಬಹುದು. 1949ರಲ್ಲಿ ಕೆಲಸ ಆರಂಭಿಸಿದ ಕೇಂಬ್ರಿಜ್‌ನ ಎಡ್ಸಾಕ್ ಯಂತ್ರದಲ್ಲಿ, ಕರೆದ ಜಾಗಕ್ಕೆ ಮರಳು ಎಂಬ ಆದೇಶವೇ ಇರಲಿಲ್ಲ. ಕರೆಯುವ ಭಾಗವು ತಾನೆಲ್ಲಿದ್ದೇನೆ ಎಂಬ ವಿಳಾಸವನ್ನು ಯಂತ್ರದಲ್ಲಿ ಬಿಟ್ಟು ಹೋಗುವುದು, ಕರೆಸಿಕೊಂಡ ಭಾಗವು ಆ ವಿಳಾಸದಿಂದ ವಾಪಸ್ ಜಿಗಿಯುವ ಆದೇಶವನ್ನು ತನ್ನ ಕೊನೆಯಲ್ಲಿ ತಾನೇ ಬರೆದುಕೊಳ್ಳುವುದು ಎಂಬ ಉಪಾಯ ಹೂಡಿದವರು ಡೇವಿಡ್ ವೀಲರ್. ಇವತ್ತು ಆ ಲೆಕ್ಕವನ್ನು ಭಾಷೆಯೇ ಇಟ್ಟುಕೊಳ್ಳುತ್ತದೆ. ಚೀಟಿಗಳ ರಾಶಿಗೆ ಕಾಲ್ ಸ್ಟ್ಯಾಕ್ ಎಂದು ಹೆಸರು. ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುತ್ತ ಹೋದರೆ ಪೈಥಾನ್ ಸಾಮಾನ್ಯವಾಗಿ 1000ದ ಆಸುಪಾಸಿನಲ್ಲಿ ಸಾಕು ಎಂದು ನಿಲ್ಲಿಸುತ್ತದೆ. ಆದರೆ ಆ ಪಾಠಕ್ಕೆ ಇನ್ನೂ ಸಮಯವಿದೆ.

ಚೀಟಿಯ ಪಾಠದಲ್ಲಿ ಒಂದು ಜಾಗ್ರತೆ: ಹೊರಗಿನ ಹೆಸರೂ ಪ್ಯಾರಾಮೀಟರಿನ ಹೆಸರೂ ಒಂದೇ ಇರುವ ಉದಾಹರಣೆಗಳನ್ನು ಮೊದಲ ವಾರ ಕೊಡಬೇಡಿ. ಎರಡೂ ಒಂದೇ ಇದ್ದರೆ, ಹಾಗಿರುವುದರಿಂದಲೇ ಕೆಲಸ ನಡೆಯಿತು ಎಂದು ವಿದ್ಯಾರ್ಥಿ ನಂಬುತ್ತಾನೆ, ಆ ನಂಬಿಕೆ ಬೇಗ ಬಿಡುವುದಿಲ್ಲ. ಬೆಲೆ ದಾಟುವುದು ಹೆಸರಿನಿಂದಲ್ಲ, ಕಂಸದೊಳಗಿನ ಸ್ಥಾನದಿಂದ. ಒಟ್ಟು_ನಿಮಿಷ(40, 9) ಎಂದು ತಿರುಗಿಸಿ ಕರೆಸಿ ನೋಡಿ: 2409 ಬರುತ್ತದೆ, ಯಂತ್ರ ಚಕಾರ ಎತ್ತುವುದಿಲ್ಲ. ಒಂದು ಬೆಲೆ ಕಡಿಮೆ ಕೊಟ್ಟರೆ ಮಾತ್ರ ದೂರುತ್ತದೆ. ಪ್ಯಾರಾಮೀಟರ್, ಆರ್ಗ್ಯುಮೆಂಟ್ ಎಂಬ ಎರಡು ಪದಗಳ ಭೇದವೂ ಇಷ್ಟೇ. ಬರೆಯುವಾಗ ಕಂಸದಲ್ಲಿ ಇಡುವ ಹೆಸರು ಮೊದಲನೆಯದು, ಕರೆಯುವಾಗ ಅಲ್ಲಿ ಇಡುವ ಬೆಲೆ ಎರಡನೆಯದು. ಅದರ ಮೇಲೆ ಎರಡು ಅಂಕದ ಪ್ರಶ್ನೆ ಕೇಳುವುದರಿಂದ ಯಾರೂ ಉದ್ಧಾರವಾಗುವುದಿಲ್ಲ.

ನಾಲ್ಕನೆಯದು, ಉತ್ತರವನ್ನು ಮೊದಲೇ ಬರೆದಿಡುವ ಅಭ್ಯಾಸ. ಫಂಕ್ಷನ್ನಿನ ಒಡಲು ಬರೆಯುವ ಮುಂಚೆ ಅದನ್ನು ಕರೆಯುವ ಮೂರ್ನಾಲ್ಕು ಸಾಲುಗಳನ್ನು ಅಸರ್ಟ್ (ಮುಂದಿನ ಮಾತು ಸುಳ್ಳಾದರೆ ಎರರ್ ಕೊಟ್ಟು ನಿಲ್ಲಿಸುವ ಪದ) ಹಾಕಿ ಬರೆಸಬೇಕು:

ಅಸರ್ಟ್ ಅವಧಿ(9, 40, 13, 15) == 215
ಅಸರ್ಟ್ ಅವಧಿ(8, 0, 8, 0) == 0
ಅಸರ್ಟ್ ಅವಧಿ(22, 30, 5, 10) == 400

ಮೂರನೆಯದು ರಾತ್ರಿ ಹೊರಟು ಮುಂಜಾನೆ ತಲುಪುವ ರೈಲು. ಮೇಲಿನ ಕೋಡು ಅಲ್ಲಿ ಬಿದ್ದುಹೋಗುತ್ತದೆ: 310 - 1350, ಅಂದರೆ ಋಣ 1040. ದಿನಕ್ಕೆ 1440 ನಿಮಿಷ. ಇಡೀ ವ್ಯವಕಲನವನ್ನು ಕಂಸದಲ್ಲಿ ಹಾಕಿ 1440ರಿಂದ ಭಾಗಿಸಿದ ಶೇಷ ತೆಗೆದರೆ ಪೈಥಾನ್‌ನಲ್ಲಿ 400 ಬರುತ್ತದೆ, 6 ಗಂಟೆ 40 ನಿಮಿಷ. ಸಿ ಭಾಷೆಯಲ್ಲಿ ಕಲಿಸುವವರು ಇದನ್ನು ಹಾಗೇ ನಕಲು ಮಾಡಬಾರದು. ಅಲ್ಲಿ ಶೇಷದ ಚಿಹ್ನೆ ಭಾಜ್ಯದ ಚಿಹ್ನೆಯನ್ನು ಹಿಂಬಾಲಿಸುವುದರಿಂದ ಋಣ 1040 ಹಾಗೆಯೇ ಉಳಿಯುತ್ತದೆ, ಮೊದಲು 1440 ಕೂಡಿಸಿ ಆಮೇಲೆ ಶೇಷ ತೆಗೆಯಬೇಕು. ಫಂಕ್ಷನ್ ಯಾಕೆ ಬೇಕು ಎಂಬ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದೂ ಇಲ್ಲೇ. ಇದೇ ಲೆಕ್ಕವನ್ನು ಪ್ರೋಗ್ರಾಮಿನ ಏಳು ಕಡೆ ಬರೆದಿದ್ದರೆ ಏಳು ಕಡೆ ತಿದ್ದಬೇಕಿತ್ತು, ಒಂದು ಕಡೆ ಮರೆಯುವುದು ಖಂಡಿತ. ಈಗ ತಿದ್ದಿದ್ದು ಒಂದು ಸಾಲು. ‘ಕೋಡಿನ ಮರುಬಳಕೆ’ ಎಂದು ಪುಸ್ತಕ ಹೇಳುವ ಅನುಕೂಲ ಇದೇ, ಆದರೆ ತಿದ್ದುವ ಸಂದರ್ಭ ಬಾರದೆ ಆ ಮಾತು ಯಾರಿಗೂ ನಾಟುವುದಿಲ್ಲ.

ಇನ್‌ಪುಟ್ ಎಲ್ಲಿರಬೇಕು ಎಂಬುದರ ಬಗ್ಗೆ ನಾನು ಸ್ವಲ್ಪ ಹಟಮಾರಿ. ಕೇಳುವುದು ಹೊರಗೆ, ಲೆಕ್ಕ ಒಳಗೆ, ತೋರಿಸುವುದು ಮತ್ತೆ ಹೊರಗೆ. ಫಂಕ್ಷನ್ನಿನ ಒಳಗೆ ಇನ್‌ಪುಟ್ ಕೂತಿತೆಂದರೆ ಅದನ್ನು ಅಸರ್ಟ್ ಹಾಕಿ ಪರೀಕ್ಷಿಸಲಾಗುವುದಿಲ್ಲ, ಪ್ರತಿ ಸಲವೂ ಯಾರಾದರೂ ಕೀಲಿಮಣೆಯ ಮುಂದೆ ಕೂತು ಒತ್ತಬೇಕು, ಇನ್ನೊಂದು ಫಂಕ್ಷನ್ ಅದನ್ನು ನೆಮ್ಮದಿಯಾಗಿ ಕರೆಯಲೂ ಆಗುವುದಿಲ್ಲ. ಹೊರಗೆ ಇನ್‌ಪುಟ್ ಪಡೆದಾಗ ಅದನ್ನು ಇಂಟ್ ಮೂಲಕ ಸಂಖ್ಯೆಯಾಗಿಸಲು ಮರೆತರೆ ಒಂದು ವಿಚಿತ್ರ ನಡೆಯುತ್ತದೆ. ಕೀಲಿಮಣೆಯಿಂದ ಬರುವುದು ಅಕ್ಷರಗಳು, ಸಂಖ್ಯೆಯಲ್ಲ. ಒಟ್ಟು_ನಿಮಿಷ("9", "40") ಎಂದರೆ 9 ಎಂಬ ಅಕ್ಷರ ಅರವತ್ತು ಸಲ ಸಾಲಾಗಿ ಬಂದು ಅದರ ಬಾಲಕ್ಕೆ 40 ಅಂಟಿಕೊಳ್ಳುತ್ತದೆ, ಒಟ್ಟು 62 ಅಕ್ಷರ. ಎರರ್ ಇಲ್ಲ! ಮುಂದಿನ ಕಳೆಯುವ ಸಾಲಿನಲ್ಲಿ ಟೈಪ್ ಎರರ್ ಬರುತ್ತದೆ, ವಿದ್ಯಾರ್ಥಿ ಆ ಸಾಲನ್ನೇ ದಿಟ್ಟಿಸುತ್ತ ಕೂರುತ್ತಾನೆ. ತಪ್ಪು ನಡೆದದ್ದು ಎಲ್ಲೋ, ಸಿಕ್ಕಿಬಿದ್ದದ್ದು ಇನ್ನೆಲ್ಲೋ.

ಉಳಿದ ಎಡವಟ್ಟುಗಳಲ್ಲಿ ಕೆಲವು ಸಣ್ಣವು. ಫಂಕ್ಷನ್ ಬರೆದು ಕರೆಯಲು ಮರೆತರೆ ಏನೂ ನಡೆಯುವುದಿಲ್ಲ, ಅದು ಎರರ್ ಅಲ್ಲ. ಕಂಸ ಬಿಟ್ಟು ಬರೀ ಹೆಸರನ್ನು ಪ್ರಿಂಟ್ ಮಾಡಿದರೆ ಫಂಕ್ಷನ್ ಎಂಬ ಪದವೂ ಸೊನ್ನೆ ಎಕ್ಸ್‌ನಿಂದ ಶುರುವಾಗುವ ಉದ್ದನೆಯ ವಿಳಾಸವೂ ಬರುತ್ತದೆ. ಕರೆಯಲಿಲ್ಲ, ಬರೀ ಹೆಸರಿಸಿದಿರಿ ಎಂದರ್ಥ. ಡೆಫ್ ಇರುವ ಜಾಗಕ್ಕಿಂತ ಮೇಲೆ ಕರೆದರೆ ನೇಮ್ ಎರರ್, ಏಕೆಂದರೆ ಪೈಥಾನ್‌ನಲ್ಲಿ ಡೆಫ್ ಸಾಲೂ ಓಡುವ ಸಾಲೇ, ಅದು ಓಡಿದ ಮೇಲಷ್ಟೇ ಆ ಹೆಸರು ಹುಟ್ಟುತ್ತದೆ. ಒಡಲು ಮಾತ್ರ ಕರೆದಾಗ ಓಡುತ್ತದೆ. ಅವಧಿ(9, 40, 13, 15) ಎಂದು ಒಂಟಿ ಸಾಲಿನಲ್ಲಿ ಬರೆದು ಬಿಟ್ಟರೆ 215 ಬಂದು ಹಾಗೇ ಬಿದ್ದುಹೋಗುತ್ತದೆ; ಹಿಡಿದುಕೊಳ್ಳಲು ಒಂದು ಹೆಸರು ಬೇಕು. ಇವನ್ನೆಲ್ಲ ಒಂದು ಸಲ ಬೇಕೆಂದೇ ಮಾಡಿಸಿ ತೋರಿಸಿದರೆ ಸಾಕು.

ನಿಜವಾಗಿ ಕಾಡುವುದು ಲೂಪಿನ ಒಳಗಿನ ರಿಟರ್ನ್. ಪಟ್ಟಿಯ ಸಂಖ್ಯೆಗಳೆಲ್ಲ ಧನಸಂಖ್ಯೆಗಳೇ ಎಂದು ನೋಡುವ ಫಂಕ್ಷನ್ ಕೇಳಿದರೆ ಬಹಳ ಮಂದಿ ಹೀಗೆ ಬರೆಯುತ್ತಾರೆ:

ಡೆಫ್ ಎಲ್ಲವೂ_ಧನ(ಪಟ್ಟಿ):
    ಫಾರ್ ಸಂಖ್ಯೆ ಇನ್ ಪಟ್ಟಿ:
        ಇಫ್ ಸಂಖ್ಯೆ > 0:
            ರಿಟರ್ನ್ ಟ್ರೂ
        ಎಲ್ಸ್:
            ರಿಟರ್ನ್ ಫಾಲ್ಸ್

ಓದಲು ಸರಿಯಾಗೇ ಇದೆ. [5, 2, 7] ಕೊಟ್ಟರೆ ಟ್ರೂ, [-2, 5, 7] ಕೊಟ್ಟರೆ ಫಾಲ್ಸ್, ಎರಡೂ ಸರಿ. [5, -2, 7] ಕೊಟ್ಟರೂ ಟ್ರೂ! ಲೂಪು ಮೊದಲ ಸುತ್ತಿನಲ್ಲೇ ಮುಗಿದಿದೆ. ರಿಟರ್ನ್ ಎಂದರೆ ಉತ್ತರ ಕೊಡುವುದಷ್ಟೇ ಅಲ್ಲ, ಚೀಟಿಯನ್ನು ಆ ಕ್ಷಣದಲ್ಲೇ ಹರಿಯುವುದೂ ಹೌದು. ಒಂದು ಋಣಸಂಖ್ಯೆ ಕಂಡರೆ ‘ಎಲ್ಲವೂ ಧನವಲ್ಲ’ ಎಂದು ತಕ್ಷಣ ಹೇಳಿಬಿಡಬಹುದು, ಹಾಗಾಗಿ ಫಾಲ್ಸ್ ಒಳಗೇ ಇರಲಿ. ಒಂದು ಧನಸಂಖ್ಯೆ ಕಂಡ ಮಾತ್ರಕ್ಕೆ ‘ಎಲ್ಲವೂ ಧನ’ ಎನ್ನಲಾಗದು, ಹಾಗಾಗಿ ಟ್ರೂ ಲೂಪಿನಿಂದ ಹೊರಗೆ, ಫಾರ್ ಪದದ ನೇರಕ್ಕೆ ಬರಬೇಕು. ಖಾಲಿ ಪಟ್ಟಿ ಕೊಟ್ಟು ನೋಡಿದರೆ ಹಳೆಯ ಕೋಡು ‘ನನ್’ ಕೊಡುತ್ತದೆ, ತಿದ್ದಿದ್ದು ಟ್ರೂ ಕೊಡುತ್ತದೆ. ದೋಷ ಪಟ್ಟಿಯ ನಡುವೆ ಇರುವಂಥ ಒಂದು ಪರೀಕ್ಷೆ, ಖಾಲಿ ಪಟ್ಟಿಯ ಒಂದು ಪರೀಕ್ಷೆ, ಇವೆರಡು ಇಲ್ಲದ ಅಭ್ಯಾಸ ಈ ತಪ್ಪನ್ನು ಹಿಡಿಯುವುದೇ ಇಲ್ಲ.

ಇನ್ನೊಂದು, ಹೊರಗಿನ ಬೆಲೆಯನ್ನು ಒಳಗಿನಿಂದ ಬದಲಿಸುವ ಪ್ರಯತ್ನ. ಹೊರಗೆ ಎಣಿಕೆ = 0 ಎಂದಿಟ್ಟು, ಫಂಕ್ಷನ್ನಿನ ಒಳಗೆ ಎಣಿಕೆ = ಎಣಿಕೆ + 1 ಎಂದು ಬರೆದರೆ ‘ಅನ್‌ಬೌಂಡ್ ಲೋಕಲ್ ಎರರ್’ ಬರುತ್ತದೆ. ಫಂಕ್ಷನ್ನಿನ ಒಳಗೆ ಎಲ್ಲಿಯಾದರೂ ಒಂದು ಹೆಸರಿಗೆ ಬೆಲೆ ತುಂಬಿದರೆ, ಆ ಫಂಕ್ಷನ್ ಪೂರ್ತಿ ಆ ಹೆಸರು ತನ್ನ ಚೀಟಿಯದೇ ಎಂದು ಪೈಥಾನ್ ಓಡುವ ಮುಂಚೆಯೇ ತೀರ್ಮಾನಿಸಿರುತ್ತದೆ. ಚೀಟಿಯಲ್ಲಿ ಇನ್ನೂ ಬೆಲೆ ಬರೆದಿಲ್ಲ, ಅದಕ್ಕೆ ಒಂದು ಕೂಡಿಸು ಎಂದರೆ ಹೇಗೆ? ಈ ಹೆಸರು ಹೊರಗಿನದೇ ಎಂದು ಹೇಳುವ ಗ್ಲೋಬಲ್ ಎಂಬ ಒಂದು ಸಾಲು ಸೇರಿಸಿದರೆ ಎರರ್ ಮಾಯವಾಗುತ್ತದೆ, ಅನೇಕ ಕಡೆ ಹಾಗೇ ಹೇಳಿಕೊಡುತ್ತಾರೆ. ಅದು ಚಿಕಿತ್ಸೆಯಲ್ಲ, ನೋವು ಮರೆಸುವ ಗುಳಿಗೆ. ಎಣಿಕೆಯನ್ನು ಪ್ಯಾರಾಮೀಟರಾಗಿ ಒಳಗೆ ಕೊಟ್ಟು, ಹೆಚ್ಚಿದ್ದನ್ನು ರಿಟರ್ನ್ ಆಗಿ ಪಡೆದು, ಹೊರಗಿನ ಹೆಸರಿಗೆ ಮತ್ತೆ ತುಂಬುವುದನ್ನು ಮೊದಲು ರೂಢಿಸಬೇಕು.

ನನ್ನ ವಾದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. 1967ರಲ್ಲಿ ಮಕ್ಕಳಿಗೆಂದೇ ರೂಪಿಸಿದ ಲೋಗೋ ಭಾಷೆಯಲ್ಲಿ ‘ಟು ಸ್ಕ್ವೇರ್’ ಎಂದು ಬರೆದರೆ ತೆರೆಯ ಮೇಲೆ ಗೆರೆ ಎಳೆಯುವ ಆಮೆಗೆ ಚೌಕ ಬರೆಯಲು ಕಲಿಸಿದಂತೆ; ಅಲ್ಲಿ ರಿಟರ್ನ್ ಇಲ್ಲದೆಯೇ ಮಕ್ಕಳು ಖುಷಿಯಾಗಿ ಕಲಿಯುತ್ತಾರಲ್ಲ? ಹೌದು, ಏಕೆಂದರೆ ಅಲ್ಲಿ ಚಿತ್ರವೇ ಫಲ, ಚೌಕದ ಬದಿ ಎಷ್ಟುದ್ದ ಎಂಬುದು ಬೇಗನೆ ಪ್ಯಾರಾಮೀಟರ್ ಆಗುತ್ತದೆ. ಮಾಡುವ ಫಂಕ್ಷನ್ನುಗಳಿಗೆ ನನ್ನ ವಿರೋಧವಿಲ್ಲ. ಆದರೆ ಅಲ್ಲಿಂದ ಬಂದವರಿಗೆ ಕೊಡುವ ಫಂಕ್ಷನ್ ಹೊಸದು ಎಂಬುದು ಶಿಕ್ಷಕರಿಗೆ ನೆನಪಿರಬೇಕು. ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನಲ್ಲೂ 2013ರ ಎರಡನೇ ಆವೃತ್ತಿಯಿಂದ ಸ್ವಂತ ಬ್ಲಾಕ್ ಮಾಡಿಕೊಳ್ಳಬಹುದು, ಬ್ಲಾಕಿಗೆ ಬೆಲೆಯನ್ನೂ ಕೊಡಬಹುದು, ಆದರೆ ಅದು ಬೆಲೆಯನ್ನು ವಾಪಸ್ ಕೊಡುವುದಿಲ್ಲ. ವರ್ಷಗಟ್ಟಲೆ ಸ್ಕ್ರ್ಯಾಚ್ ಮಾಡಿದವರು ಪೈಥಾನ್‌ಗೆ ಬಂದಾಗ ರಿಟರ್ನ್ ಬಳಿ ಮುಗ್ಗರಿಸುವುದರಲ್ಲಿ ಆಶ್ಚರ್ಯವಿಲ್ಲ.

ಹೆಸರಿಡುವಾಗಲೂ ಈ ಭೇದವನ್ನು ಬಳಸಿಕೊಳ್ಳಬಹುದು. ಕೊಡುವ ಫಂಕ್ಷನ್ನಿಗೆ ನಾಮಪದ: ಅವಧಿ, ಒಟ್ಟು_ನಿಮಿಷ. ಮಾಡುವ ಫಂಕ್ಷನ್ನಿಗೆ ಕ್ರಿಯಾಪದ: ಬರೆ, ಅಳಿಸು, ಚೌಕ_ಎಳೆ. ಹೆಸರಿಡಲು ‘ಮತ್ತು’ ಬೇಕೆನಿಸಿದರೆ ಅಲ್ಲಿ ಎರಡು ಫಂಕ್ಷನ್ನುಗಳಿವೆ.

ಆರಂಭದಲ್ಲಿ ಬಿಡಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಹೆಸರಿಲ್ಲದ ಫಂಕ್ಷನ್ ಬರೆಯುವ ಲ್ಯಾಂಬ್ಡಾ, ನಕ್ಷತ್ರ ಚಿಹ್ನೆಯ ಪ್ಯಾರಾಮೀಟರುಗಳು, ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುವ ರಿಕರ್ಷನ್ ಇವು ಯಾವುವೂ ಮೊದಲ ಆರು ಪೀರಿಯಡ್ಡುಗಳಲ್ಲಿ ಬೇಡ. ಕರೆಯುವಾಗ ಬೆಲೆ ಕೊಡದಿದ್ದರೆ ತಾನಾಗಿ ಬರುವ ಡೀಫಾಲ್ಟ್ ಬೆಲೆಯೂ ಬೇಡ, ಅದರಲ್ಲೂ ಖಾಲಿ ಪಟ್ಟಿಯನ್ನು ಡೀಫಾಲ್ಟ್ ಆಗಿ ಇಡುವುದು ಖಂಡಿತ ಬೇಡ. ಆ ಪಟ್ಟಿ ಡೆಫ್ ಸಾಲು ಓಡಿದಾಗ ಒಂದೇ ಸಲ ಹುಟ್ಟಿ ಎಲ್ಲ ಕರೆಗಳಿಗೂ ಅದೇ ಉಳಿಯುತ್ತದೆ, ಹಿಂದಿನ ಸಲ ಸೇರಿಸಿದ್ದು ಈ ಸಲವೂ ಇರುತ್ತದೆ. ಪ್ರತಿ ಕರೆಗೂ ಹೊಸ ಚೀಟಿ ಎಂದು ಈಗಷ್ಟೇ ನಂಬಿದವರ ನಂಬಿಕೆಗೆ ಅದು ಮೊದಲ ಏಟು.

ಇಷ್ಟೆಲ್ಲ ಬದಲಾದರೂ ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ತರಗತಿ ಮತ್ತೆ ‘ಹಲೋ’ಗೇ ಮರಳುತ್ತದೆ. ‘ಫಂಕ್ಷನ್ ಎಂದರೇನು? ಅದರ ಅನುಕೂಲಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಗೆ ಒಂದು ಸಾಲು ಕೋಡನ್ನೂ ಬರೆಯದವರು ಪೂರ್ತಿ ಅಂಕ ತೆಗೆಯಬಹುದು. ಅದರ ಬದಲು ಆರು ಸಾಲಿನ ಒಂದು ಫಂಕ್ಷನ್ ಕೊಟ್ಟು, ಮೂರು ಕರೆ ಕೊಟ್ಟು, ಪ್ರತಿಯೊಂದೂ ಏನು ತೋರಿಸುತ್ತದೆ, ಏನು ಕೊಡುತ್ತದೆ ಎಂದು ಎರಡು ಕಾಲಂಗಳಲ್ಲಿ ಬರೆಯಲು ಹೇಳಲಿ. ನಾಲ್ಕು ಅಸರ್ಟ್ ಸಾಲು ಕೊಟ್ಟು ಒಡಲು ಬರೆಯಲು ಹೇಳಲಿ. ಮೇಲಿನ ಎಲ್ಲವೂ_ಧನದಂಥ ಕೆಟ್ಟ ಕೋಡು ಕೊಟ್ಟು, ಅದು ತಪ್ಪು ಉತ್ತರ ಕೊಡುವ ಒಂದು ಪಟ್ಟಿಯನ್ನು ಹುಡುಕಲು ಹೇಳಲಿ. ಮೌಲ್ಯಮಾಪನದ ಸೂಚನೆಯಲ್ಲಿ ಒಂದು ಸಾಲು ಸೇರಲಿ: ‘ರಿಟರ್ನ್ ಮಾಡುವ ಫಂಕ್ಷನ್ ಬರೆಯಿರಿ’ ಎಂದು ಕೇಳಿದಲ್ಲಿ ಪ್ರಿಂಟ್ ಮಾಡಿ ಬಿಟ್ಟ ಉತ್ತರಕ್ಕೆ, ತೆರೆಯ ಮೇಲೆ ಸರಿಯಾದ ಸಂಖ್ಯೆಯೇ ಬಂದರೂ, ಪೂರ್ತಿ ಅಂಕವಿಲ್ಲ.

ಇತಿ,
ಪ್ರೋಗ್ರಾಮಿಂಗ್ ಕಲಿಸುವ ಒಬ್ಬ ಓದುಗ